ಮಾತು ತಿದ್ದೋರು ಶಾಲೆಗೇ ಬರಬೇಕು

ಐದು ವರ್ಷವಾದರೂ ನನ್ನ ಮಗ ಕಾಗೆಗೆ ‘ತಾದೆ’ ಅಂತಿದ್ದ. ಬೆಕ್ಕು ‘ಬೆತ್ತು’. "ಬಜೆ ತೇಯ್ದು ನಾಲಿಗೆಗೆ ಹಚ್ಚೋ" ಅಂತ ಅಮ್ಮ ಹಾಸನದಿಂದ ಫೋನ್ ಮಾಡಿದಾಗೆಲ್ಲ ಹೇಳೋರು. ನಾವಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿ ಅವನ ಪ್ಲೇಸ್ಕೂಲಿನವರು ಮನೇಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಅಂದರು. ಆರು ತಿಂಗಳು ಹಾಗೇ ಮಾಡಿದೆವು. ತಪ್ಪು ಸಲಹೆ ಅದು. ಎರಡು ಭಾಷೆ ಕೇಳಿ ಬೆಳೆಯೋದರಿಂದ ಮಾತಿನ ತೊಂದರೆ ಬರಲ್ಲ. ಆ ಆರು ತಿಂಗಳು ಅವನು ಅಜ್ಜಿ ಫೋನ್ ಬಂದರೆ ಸುಮ್ನೆ ಕೂರುತ್ತಿದ್ದ, ಅದು ನನಗೆ ಈಗಲೂ ನೋವು.

ಸರ್ಕಾರಿ ಶಾಲೆಗೆ ಸೇರಿದ ಮೇಲೆ ಟೀಚರೇ ಗಮನಿಸಿದರು, ನಮ್ಮ ಒಪ್ಪಿಗೆ ತಗೊಂಡು ಅಲ್ಲೇ ಇರೋ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಆಕೆ ಮೊದಲು ಕೇಳಿದ್ದೇ ಕನ್ನಡದಲ್ಲೂ ಹೀಗೇನಾ ಅಂತ. ಕ, ಗ ಇರುವ ಕನ್ನಡ ಪದಗಳನ್ನು ನನ್ನ ಕೈಲೇ ಬರೆಸಿಕೊಂಡರು. ಎರಡೂ ಭಾಷೆಯಲ್ಲಿ ಅದೇ ತಪ್ಪು ಬಂತು, ಅಂದ್ರೆ ನಾಲಿಗೆಯ ಹಿಂಭಾಗ ಮೇಲೇಳಬೇಕಾದ ಕಡೆ ತುದಿ ಏಳುತ್ತಿದೆ, ಇಂಗ್ಲಿಷ್ ಬರದಿರೋದು ಕಾರಣ ಅಲ್ಲ. ಆಮೇಲೆ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಶಾಲೆ ಹೊತ್ತಲ್ಲೇ. ಒಂದು ಗುಟುಕು ನೀರು ಬಾಯಿಗೆ ಹಾಕಿ, ತಲೆ ಹಿಂದಕ್ಕೆ ಬಾಗಿಸಿ ಗಳಗಳ ಅನ್ನಿಸೋದು, ಆಮೇಲೆ ನೀರಿಲ್ಲದೆ ಗಂಟಲ ಹತ್ತಿರದ ಅದೇ ಜಾಗದಿಂದ ‘ಕ’. ಒಂದು ಸಂಜೆ ಕಿಟಕಿ ಹತ್ತಿರ ನಿಂತು "ಅಪ್ಪಾ, ಕಾಗೆ!" ಅಂದ.

ನಾವು ಒಂದು ಡಾಲರೂ ಕೊಟ್ಟಿಲ್ಲ. 1975ರಿಂದ ಅಮೆರಿಕದಲ್ಲಿ ಇದಕ್ಕೆ ಕಾನೂನಿದೆ. ಇಲ್ಲೂ ಒಬ್ಬೊಬ್ಬ ಥೆರಪಿಸ್ಟ್ ಕೈಲಿ ಮಕ್ಕಳು ಜಾಸ್ತಿ, ಆದರೂ ಮಗುವಿನ ಹತ್ತಿರ ಶಾಲೆಯೇ ಬರುತ್ತೆ.

ಊರಲ್ಲಿ ಅಕ್ಕನ ಮಗನಿಗೆ ಉಗ್ಗು. ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಎಲ್ಲ ಕಡೆಯಿಂದ ಜನ ಬರೋ ಜಾಗ, ನಮಗೆ ಹೆಮ್ಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಸೇರಿದೆ. ಆದರೆ ಅಲ್ಲಿಗೆ ಮಗುವೇ ಹೋಗಬೇಕಲ್ವಾ? ಅಕ್ಕ ನಾಲ್ಕು ಸಲ ಕರೆದುಕೊಂಡು ಹೋದಳು. ಪ್ರತಿ ಸಲ ಬಸ್ ಚಾರ್ಜು, ಒಂದು ದಿನದ ಕೂಲಿ, ಹುಡುಗನ ಒಂದು ದಿನದ ಪಾಠ. ಐದನೇ ಸಲ ಹೋಗಲಿಲ್ಲ. ನಾನು ಅವಳನ್ನು ದೂರಲಾರೆ. ಈಗ ಕ್ಲಾಸಲ್ಲಿ ಸರದಿ ಪ್ರಕಾರ ಪಾಠ ಓದಿಸುವಾಗ ಮೇಷ್ಟ್ರು, ಪಾಪ ಅಂತ, ಅವನನ್ನು ಬಿಟ್ಟು ಪಕ್ಕದವನಿಗೆ ಓದು ಅಂತಾರಂತೆ. ವಾರಕ್ಕೊಂದು ದಿನ ಒಬ್ಬ ಥೆರಪಿಸ್ಟ್ ಹೋಬಳಿಯ ಶಾಲೆಗೆ ಬಂದು ಹೋದರೂ ಅಕ್ಕನ ಕೂಲಿ ಉಳಿಯುತ್ತೆ, ಆ ಹುಡುಗ ಓದಿ ಮುಗಿಸೋವರೆಗೆ ಹೇಗೆ ಕಾಯಬೇಕು ಅಂತ ಮೇಷ್ಟ್ರಿಗೂ ಗೊತ್ತಾಗುತ್ತೆ.