ವಿಂಡೋಸ್ 10 ಮುಗೀತು ಅಂತ ಕಂಪ್ಯೂಟರ್ ಎಸೆಯಬೇಡಿ

ಎಂಟು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರಿಗೆಲ್ಲ ಈಗ ಒಂದೇ ಚಿಂತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಈ ಯಂತ್ರಕ್ಕೆ ಆಗುವುದಿಲ್ಲ ಅಂತ ಬರುತ್ತದೆ. ಅಂಗಡಿಗೆ ಒಯ್ದರೆ ‘ಇದಕ್ಕೆ ಹನ್ನೊಂದು ಬರಲ್ಲ ಸಾರ್, ಹೊಸದು ತಗೊಂಬಿಡಿ’ ಅನ್ನುತ್ತಾರೆ. ನಮ್ಮ ನೆಂಟರಲ್ಲೇ ಎಷ್ಟೋ ಜನ ಇದನ್ನು ಕೇಳಲು ಫೋನ್ ಮಾಡಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನನ್ನ ಅಭಿಪ್ರಾಯ ನೇರವಾಗಿದೆ. ಆ ಕಂಪ್ಯೂಟರ್ ಎಸೆಯಬೇಡಿ. ಹಾಗಂತ ‘ಏನೂ ಆಗಲ್ಲ, ನಡೀತಾ ಇದೆಯಲ್ಲ’ ಅಂತ ಸುಮ್ನೆ ಬಿಡಲೂಬೇಡಿ. ಅದರಲ್ಲಿ ನೀವು ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು ನೋಡಿ ತೀರ್ಮಾನ ಮಾಡಿ. ಪರದೆಯ ಮೇಲೆ ಬರುವ ಎಚ್ಚರಿಕೆಗೆ ನೀವು ಎಂಥ ಕೆಲಸ ಮಾಡುತ್ತೀರಿ ಅನ್ನುವುದು ಗೊತ್ತಿಲ್ಲ.

ಮೊದಲು ಈ ಅರ್ಹತೆಯ ವಿಚಾರ. ಇಂಟೆಲ್ ಆದರೆ ಎಂಟನೇ ಜನರೇಷನ್ನಿಂದ ಈಚೆಗೆ, ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000 ಸರಣಿಯಿಂದ ಈಚೆಗೆ ಇರುವ ಪ್ರೊಸೆಸರ್‌ಗಳಿಗೆ ಮಾತ್ರ ವಿಂಡೋಸ್ 11. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಮತ್ತು ಕಂಪ್ಯೂಟರ್ ಆನ್ ಆಗುವಾಗಲೇ ತಪಾಸಣೆ ಮಾಡುವ ಸೆಕ್ಯೂರ್ ಬೂಟ್ ಇರಬೇಕು. ಇಂಟೆಲ್ ಐ5-7200ಯು 2016ರದು. ಐ5-8250ಯು 2017ರದು. ನಡುವಿನ ಅಂತರ ಒಂದೇ ವರ್ಷ. ಎರಡನೆಯದು ಪಟ್ಟಿಯೊಳಗೆ, ಮೊದಲನೆಯದು ಹೊರಗೆ. ಆರು, ಏಳನೇ ಜನರೇಷನ್ನಿನ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ 2.0 ಇದ್ದೇ ಇದೆ, ಆದರೂ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲ ಅಂತ ಅವು ಹೊರಗೆ ಉಳಿದವು. ಪಟ್ಟಿಯಲ್ಲಿಲ್ಲದ ಯಂತ್ರಗಳಲ್ಲಿ ಕರ್ನಲ್ ಮಟ್ಟದ, ಅಂದರೆ ವ್ಯವಸ್ಥೆಯ ತಿರುಳಿನಲ್ಲೇ ಆಗುವ ಕ್ರ್ಯಾಶ್ ಶೇಕಡಾ 52ರಷ್ಟು ಜಾಸ್ತಿ ಕಂಡಿತು ಅಂತ 2021ರಲ್ಲಿ ಮೈಕ್ರೋಸಾಫ್ಟ್ ಕಾರಣ ಕೊಟ್ಟಿತ್ತು. ಆ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇಲ್ ನೋಡುವ, ವರ್ಡ್‌ನಲ್ಲಿ ಪತ್ರ ಬರೆಯುವ, ಯೂಟ್ಯೂಬ್ ನೋಡುವ ಮನೆಗೆ ಏಳನೇ ಜನರೇಷನ್ನಿನ ಐ5 ಈಗಲೂ ಧಾರಾಳ ಸಾಕು. ಅಂಥದ್ದನ್ನು ಗುಜರಿಗೆ ಹಾಕಿಸುವ ನಿಯಮ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಆಗುವುದಿಲ್ಲ ಅಂತ ಬಂದ ತಕ್ಷಣ ನಂಬಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸರಿಯಾಗೇ ಇರುತ್ತದೆ, ಆದರೆ ಟಿಪಿಎಂ ಮಾತ್ರ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದಕ್ಕೆ ಪಿಟಿಟಿ ಅಂತಲೂ ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರು. ಅದನ್ನು ಆನ್ ಮಾಡಿ, ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅನ್ನು ಮತ್ತೊಮ್ಮೆ ಓಡಿಸಿ. ಹಸಿರು ಟಿಕ್ ಬಂದರೆ ನಿಮ್ಮ ಚಿಂತೆ ಅಲ್ಲಿಗೆ ಮುಗಿಯಿತು. ಪುಕ್ಕಟೆ ಸಿಗುವ ವಿಂಡೋಸ್ 11 ಹಾಕಿಕೊಳ್ಳಿ, ಮುಂದೆ ಓದಬೇಕಾಗಿಲ್ಲ.

ಹಸಿರು ಟಿಕ್ ಬಾರದೇ ಇದ್ದವರ ಕಥೆಗೆ ಸಾಗರದ ನಮ್ಮ ಸೋದರಮಾವನ ಅಂಗಡಿಯನ್ನೇ ತೆಗೆದುಕೊಳ್ಳುತ್ತೇನೆ. ಡಿಟಿಪಿ, ಜೆರಾಕ್ಸ್, ಸೇವಾ ಸಿಂಧು ಅರ್ಜಿ, ಎಲ್ಲವೂ ಅಲ್ಲೇ. ಎರಡು ಯಂತ್ರ. ಒಂದು ಏಳನೇ ಜನರೇಷನ್ನಿನ ಲ್ಯಾಪ್‌ಟಾಪ್, ವಿಂಡೋಸ್ 10. ಇನ್ನೊಂದು ಅದಕ್ಕಿಂತ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಇನ್ನೂ ವಿಂಡೋಸ್ 7. ಮದುವೆ ಕಾಗದ, ದೇವಸ್ಥಾನದ ಕರಪತ್ರ ಎಲ್ಲ ಆ ಡೆಸ್ಕ್‌ಟಾಪ್‌ನಲ್ಲೇ ಆಗುವುದು.

‘ಎಂತ ಮಾಡದು ಮಾರಾಯ ಈಗ? ಎರಡನ್ನೂ ಕೊಟ್ಟು ಹೊಸದು ತಗಳದಾ?’

‘ಮಾವ, ತಡೀರಿ. ಯಾವುದ್ರಲ್ಲಿ ಏನೇನು ಮಾಡ್ತೀರಿ ಅಂತ ಮೊದ್ಲು ಹೇಳಿ.’

ಲ್ಯಾಪ್‌ಟಾಪ್ ಆನ್ ಮಾಡಿ ಕೂತೆವು. ಡೆಸ್ಕ್‌ಟಾಪ್ ಪರದೆಯ ಚಿತ್ರ ಬಂತು, ಐಕಾನ್‌ಗಳು ಬಂದವು, ಕ್ರೋಮ್ ಕ್ಲಿಕ್ ಮಾಡಿದರೆ ಏನೂ ಆಗುತ್ತಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದರೆ ಪ್ರೊಸೆಸರ್ ಶೇಕಡಾ ಹತ್ತರ ಆಸುಪಾಸಿನಲ್ಲಿ ಆರಾಮಾಗಿದೆ, ಡಿಸ್ಕ್ ಮಾತ್ರ 100ಕ್ಕೆ ಹೋಗಿ ಕೆಂಪಗೆ ನಿಂತಿದೆ. ಒಳಗಿದ್ದುದು ತಿರುಗುವ ಹಾರ್ಡ್ ಡಿಸ್ಕ್. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಫ್ಯಾನಿಗೆ ಮೆತ್ತಿದ್ದ ಧೂಳು ತೆಗೆದು, ಆ ಡಿಸ್ಕ್ ಜಾಗಕ್ಕೆ ತಿರುಗುವ ಭಾಗವಿಲ್ಲದ, ವೇಗದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರಿಸಿದೆವು. ಅದೇ ಕನೆಕ್ಟರ್, ಅದೇ ಅಳತೆ, ಹೊಸ ವೈರ್ ಏನೂ ಬೇಡ. ನಾಲ್ಕು ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು ನಾಲ್ಕು ಜಿಬಿ ಸೇರಿಸಿದೆವು. ಆಮೇಲೆ ಕ್ರೋಮ್ ಒತ್ತಿದ ತಕ್ಷಣ ತೆರೆಯಿತು. ‘ಇದು ಅದೇ ಯಂತ್ರನಾ?’ ಅಂತ ಮಾವ ಮತ್ತೆ ಮತ್ತೆ ಕೇಳಿದರು.

ಇದನ್ನು ಇಷ್ಟು ವಿವರವಾಗಿ ಯಾಕೆ ಬರೆದೆ ಅಂದರೆ, ಹಳೆ ಕಂಪ್ಯೂಟರ್ ನಿಧಾನ ಅಂತ ಬೈಯುವವರಲ್ಲಿ ಬಹಳ ಜನ ಬೈಯಬೇಕಾದ್ದು ಆ ಡಿಸ್ಕನ್ನು. ಆಪರೇಟಿಂಗ್ ಸಿಸ್ಟಂ ಯಾವುದು ಬೇಕು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಅದನ್ನು ಬದಲಿಸಿ. ನೀವು ಮುಂದೆ ವಿಂಡೋಸ್ ಇಟ್ಟುಕೊಂಡರೂ ಅದರ ಬದಲು ಲಿನಕ್ಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದರೂ ಆ ದುಡ್ಡು ದಂಡವಾಗುವುದಿಲ್ಲ.

ಇನ್ನು ಭದ್ರತೆ. ಬೆಂಬಲ ನಿಂತ ಮರುದಿನವೇ ಕಂಪ್ಯೂಟರ್ ಕೆಡುವುದಿಲ್ಲ, ನಿಜ. ಆದರೆ ಅವತ್ತಿನಿಂದ ಮುಂದೆ ವಿಂಡೋಸ್‌ನಲ್ಲಿ ಸಿಗುವ ಪ್ರತಿ ತೂತೂ ನಿಮ್ಮ ಯಂತ್ರದಲ್ಲಿ ತೆರೆದೇ ಇರುತ್ತದೆ. 2017ರ ಮೇ ತಿಂಗಳ ವಾನಾಕ್ರೈ ಸೈಬರ್ ದಾಳಿ ನೆನಪಿದೆಯಲ್ಲ? ಫೈಲುಗಳಿಗೆಲ್ಲ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7, ಅಂದರೆ ಆಗಿನ್ನೂ ಬೆಂಬಲ ಇದ್ದ ವ್ಯವಸ್ಥೆ. ಅಪ್‌ಡೇಟ್ ಹಾಕಿಕೊಂಡಿರಲಿಲ್ಲ, ಅಷ್ಟೇ. ನಮ್ಮಲ್ಲಿ ನೆಟ್ ಖಾಲಿಯಾಗುತ್ತೆ, ಸ್ಲೋ ಆಗುತ್ತೆ ಅಂತ ಸರ್ವಿಸ್ ಹುಡುಗರೇ ಅಪ್‌ಡೇಟ್ ಆಫ್ ಮಾಡಿಕೊಟ್ಟ ಕಂಪ್ಯೂಟರ್‌ಗಳು ಎಷ್ಟಿವೆ! ಅಂಥದ್ದರಲ್ಲಿ ಬ್ಯಾಂಕಿಂಗ್ ಮಾಡುತ್ತಾರೆ, ಇನ್ನೊಬ್ಬರ ಆಧಾರ್ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತಾರೆ. ನಮ್ಮದೇ ಫೋಟೋ ಹೋದರೆ ನಮ್ಮ ಹಣೆಬರಹ ಅನ್ನಬಹುದು. ಊರವರ ದಾಖಲೆ ಇಟ್ಟುಕೊಂಡವರು ಹಾಗೆ ಅನ್ನುವ ಹಾಗಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ವಿಂಡೋಸ್ 10ರವರಿಗೆ ಒಂದು ವರ್ಷದ ಗಡುವು ಸಿಕ್ಕಿದೆ. ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅಂತ ಒಂದು ಯೋಜನೆ. ಅದಕ್ಕೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತಿರುತ್ತದೆ. 30 ಡಾಲರ್ ಕೊಡಬಹುದು. ಕೊಡಲೇಬೇಕೆಂದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಕಂಪ್ಯೂಟರ್‌ನ ಸೆಟ್ಟಿಂಗ್‌ಗಳನ್ನು ಅದಕ್ಕೆ ಸಿಂಕ್ ಮಾಡಿದರೆ ಪುಕ್ಕಟೆ. ಯಂತ್ರ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2ರಲ್ಲಿ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ಅಲ್ಲೇ ಸೇರುವ ಬಟನ್ ಕಾಣುತ್ತದೆ. ಮಾವನ ಲ್ಯಾಪ್‌ಟಾಪ್‌ಗೆ ಇದನ್ನೇ ಮಾಡಿದೆವು. ಇದು ಯೋಚನೆ ಮಾಡಲು ಸಿಕ್ಕಿದ ಸಮಯ, ಅಷ್ಟೇ ಅಂತ ಅವರಿಗೂ ಹೇಳಿದ್ದೇನೆ.

‘ಯಾವುದೋ ಟ್ರಿಕ್ ಮಾಡಿ ಹನ್ನೊಂದನ್ನೇ ಹಾಕಿಕೊಡ್ತೀವಿ’ ಅನ್ನುವವರೂ ಇದ್ದಾರೆ. ಹಾಕಬಹುದು, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಕಂಪನಿ ಮೊದಲೇ ಹೇಳಿದೆ. ಹೀಗೆ ಕೋರ್ 2 ಡ್ಯುಯೋ ಕಂಪ್ಯೂಟರ್‌ಗಳಿಗೂ ವಿಂಡೋಸ್ 11 ಹಾಕಿಸಿಕೊಂಡವರಿದ್ದರು. 24ಎಚ್2 ಆವೃತ್ತಿ ಬಂದಾಗ ಅದಕ್ಕೆ ಬೇಕಾದ ಒಂದು ಸೂಚನೆ (ಪ್ರೊಸೆಸರ್ ಒಳಗೇ ಇರಬೇಕಾದ ಆಜ್ಞೆ) ಆ ಪ್ರೊಸೆಸರ್‌ಗಳಲ್ಲಿ ಇರಲೇ ಇಲ್ಲ. ಅಲ್ಲಿಗೆ ದಾರಿ ಮುಚ್ಚಿತು. ಸ್ವಂತ ಯಂತ್ರದಲ್ಲಿ, ಬ್ಯಾಕಪ್ ಇಟ್ಟುಕೊಂಡು, ಕುತೂಹಲಕ್ಕೆ ಮಾಡುವವರು ಮಾಡಲಿ. ಅಪ್ಪ ಅಮ್ಮನ ಕಂಪ್ಯೂಟರ್‌ಗೆ, ಅಂಗಡಿಯ ಕಂಪ್ಯೂಟರ್‌ಗೆ ನಾನು ಇದನ್ನು ಮಾಡಿಕೊಡುವುದಿಲ್ಲ.

ಹಾಗಾದರೆ 2026ರ ಅಕ್ಟೋಬರ್ ಆದ ಮೇಲೆ? ನನ್ನ ಉತ್ತರ ಲಿನಕ್ಸ್ ಮಿಂಟ್. ಅದರಲ್ಲೂ ಹಳೆ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ, ಅದು ಹಗುರ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ. ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ನಿಮ್ಮ ಡಿಸ್ಕನ್ನು ಮುಟ್ಟದೇ ಬರೀ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಕೆಲಸ ಮಾಡುತ್ತಾ ಅಂತ ಒಂದು ಸಂಜೆಯಲ್ಲಿ ಗೊತ್ತಾಗಿಬಿಡುತ್ತದೆ. ಪ್ರಿಂಟರ್ ವಿಷಯ ಮಾತ್ರ ಖಂಡಿತ ಪರೀಕ್ಷಿಸಿ. ಕೆಲವು ಹಳೆ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಕಾಡಿಸುತ್ತವೆ. ಟ್ಯಾಲಿ ಇಟ್ಟುಕೊಂಡವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ಕೆಲಸ ಮಾಡುವವರು ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ಅವರಿಗೆ ಹೊಸ ಯಂತ್ರ ಖರ್ಚಲ್ಲ, ಕಸುಬಿನ ಬಂಡವಾಳ.

ಲಿನಕ್ಸ್ ಅಂದ ಕೂಡಲೇ ನಮ್ಮವರು ಕೇಳುವುದು ‘ಕನ್ನಡ ಟೈಪ್ ಮಾಡೋದು ಹೇಗೆ?’ ಅಂತ. ಆರಾಮಾಗಿ ಮಾಡಬಹುದು. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಇದೆ, ನುಡಿ ತಂತ್ರಾಂಶದಲ್ಲಿ ಕಲಿತ ಬೆರಳಿಗೆ ಅದು ಹೊಸದು ಅನ್ನಿಸುವುದಿಲ್ಲ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸ ಕೂಡ ಇದೆ. ಫಾಂಟ್‌ಗಳಲ್ಲಿ ಲೋಹಿತ್, ನೋಟೊ, ಜೊತೆಗೆ ಗುಬ್ಬಿ, ನವಿಲು ಸಿಗುತ್ತವೆ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಪತ್ರ ಬರೆದು ಪಿಡಿಎಫ್ ಮಾಡಿ ಕಳಿಸುವುದು ದಿನನಿತ್ಯದ ಕೆಲಸ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಉಬುಂಟು ಅನ್ನುವ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲೇ, ತಮ್ಮ ಭಾಷೆಯಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ನಮ್ಮ ಊರಿನ ಶಾಲೆಗಳಿಗೆ ಹಳೆ ವಿದ್ಯಾರ್ಥಿಗಳು ಕೊಟ್ಟ ಕಂಪ್ಯೂಟರ್‌ಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಎಷ್ಟಕ್ಕೋ ಒಂದು ಎಸ್‌ಎಸ್‌ಡಿ, ಒಂದು ಮಿಂಟ್ ಪೆನ್‌ಡ್ರೈವ್, ಒಂದು ಭಾನುವಾರ ಸಾಕು.

ಈಗ ಮಾವನ ಆ ಹಳೆ ಡೆಸ್ಕ್‌ಟಾಪ್. ಇದೇ ನಿಜವಾದ ಕಗ್ಗಂಟು. ಅದರಲ್ಲಿರುವ ಕಡತಗಳೆಲ್ಲ ಯಾವ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಬಹುದಾದ ಈಗಿನ ಅಕ್ಷರ ಪದ್ಧತಿ ಯುನಿಕೋಡ್‌ಗಿಂತ ಹಿಂದಿನ ಪದ್ಧತಿಯ ನುಡಿ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕೆ ಹತ್ತಿಸಿಕೊಂಡ ಸಾಲು ಸಾಲು ಬರುತ್ತದೆ. ಮಾವನ ಹತ್ತಿರ ಊರಿನ ಯಕ್ಷಗಾನ ಮೇಳದ ಹಳೆಯ ಕರಪತ್ರಗಳು, ಜಾತ್ರೆಯ ಲೆಕ್ಕ, ತೀರಿಕೊಂಡವರು ಬರೆಸಿಟ್ಟ ವಂಶಾವಳಿ ಎಲ್ಲ ಹೀಗೇ ಇವೆ. ‘ಹೊಸದು ತಗೊಳ್ಳಿ’ ಅನ್ನುವವರಿಗೆ ಇದು ಗೊತ್ತಿಲ್ಲ. ಕನ್ನಡದಲ್ಲಿ ಕೆಲಸ ಮಾಡುವ ಎಷ್ಟೋ ಪ್ರೆಸ್‌ಗಳ, ಸಂಘಗಳ, ಮಠಗಳ ಕಂಪ್ಯೂಟರ್‌ಗಳಲ್ಲಿ ಇಂಥದ್ದೇ ರಾಶಿ ಇದೆ. ಅಪ್‌ಗ್ರೇಡ್ ಮಾಡುವ ಮೊದಲು ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಟ್ಟರೆ ಫಾಂಟೂ ಹೋಗುತ್ತದೆ, ಆಮೇಲೆ ಕಡತ ಉಳಿದಿದ್ದರೂ ಓದುವುದೇ ಕಷ್ಟ.

ನಾವು ಮಾಡಿದ್ದು ಇಷ್ಟು. ಆ ಯಂತ್ರದ ನೆಟ್ ಕೇಬಲ್ ಕಿತ್ತುಬಿಟ್ಟೆವು. ಕಡತಗಳನ್ನೂ ಫಾಂಟ್ಸ್ ಫೋಲ್ಡರನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದೆವು. ತೆರೆದು ನೋಡದ ಬ್ಯಾಕಪ್‌ನ್ನು ನಂಬಬೇಡಿ. ಅಂಗಡಿಗೆ ಬರುವವರ ಪೆನ್‌ಡ್ರೈವ್ ಇನ್ನು ಆ ಡೆಸ್ಕ್‌ಟಾಪ್‌ಗೆ ಹಾಕುವಂತಿಲ್ಲ, ಲ್ಯಾಪ್‌ಟಾಪ್‌ಗೇ ಹಾಕಬೇಕು. ನೆಟ್ ಕಿತ್ತರೂ ವೈರಸ್ ಬರುವ ದಾರಿ ಅದೇ ಅಲ್ವಾ. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7 ಹಾಗೇ ಇದೆ, ಅದನ್ನು ಅಪ್‌ಗ್ರೇಡ್ ಮಾಡುವ ಯೋಚನೆಯೇ ಇಲ್ಲ. ಮದುವೆ ಕಾಗದ ಮೊದಲಿನಂತೆ ಅದರಲ್ಲೇ ಸಿದ್ಧವಾಗುತ್ತದೆ. ಹೊಸ ಬರಹವನ್ನೆಲ್ಲ ಯುನಿಕೋಡ್‌ನಲ್ಲಿ ಮಾಡಲು ಮಾವ ಒಪ್ಪಿದ್ದಾರೆ. ಹಳೆಯದರಲ್ಲಿ ಮುಖ್ಯವಾದದ್ದನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತರುತ್ತಿದ್ದಾರೆ. ಅಲ್ಲಲ್ಲಿ ಅರ್ಕಾವೊತ್ತು, ಒತ್ತಕ್ಷರ ಎಡವಟ್ಟಾಗುತ್ತವೆ, ಒಮ್ಮೆ ಕಣ್ಣಾಡಿಸಲೇಬೇಕು. ವಂಶಾವಳಿಗಳನ್ನು ಮೊದಲು ಮುಗಿಸಿ ಅಂತ ಹೇಳಿದ್ದೇನೆ. ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕುವುದನ್ನು ದಸರಾ ರಜೆಗೆ ಇಟ್ಟುಕೊಂಡಿದ್ದೇವೆ.