ಟೂತ್‌ಪೇಸ್ಟ್ ಉಜ್ಜಿದರೆ ಕಾರಿನ ಗೀರು ಹೋಗುತ್ತದೆಯೇ? ಸತ್ಯಾಂಶ ಇಷ್ಟು

"ಬಿಳಿ ಟೂತ್‌ಪೇಸ್ಟ್ ಉಜ್ಜಿ, ಎಂಥಾ ಗೀರೂ ಮಾಯ" ಎನ್ನುವ ಮೆಸೇಜ್ ಬಳ್ಳಾರಿಯ ನಮ್ಮ ಓಣಿಯ ಗ್ರೂಪಿಗೂ ಬಂದಿದೆ. ಅದರಲ್ಲಿ ನಿಜ ಸ್ವಲ್ಪವೇ.

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಈ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪೇಸ್ಟಿನಲ್ಲಿರುವ ನುಣ್ಣನೆ ಪುಡಿ ಗೀರನ್ನು ತುಂಬುವುದಿಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುತ್ತದೆ. ಮೇಲುಮೇಲಿನ ಗೀರು ಮಸುಕಾಗಬಹುದು, ಅಷ್ಟೇ.

ಗೀರಿನ ಮೇಲೆ ಉಗುರು ಆಡಿಸಿ ನೋಡಿ. ತಡೆಯದಿದ್ದರೆ ಕಾರಿಗೆಂದೇ ಸಿಗುವ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ನಯ ಮಾಡುವ ಲೇಪ) ಸಾಕು. ಉಗುರು ಸಿಕ್ಕಿಕೊಂಡರೆ ಪೇಸ್ಟ್ ಸುಮ್ನೆ ದಂಡ. ಟಚ್‌ಅಪ್ ಬಣ್ಣವೇ ಬೇಕು. ತಗಡು ಕಂಡಿದ್ದರಂತೂ ತುಕ್ಕು ಹಿಡಿಯುವ ಮೊದಲೇ ಹಚ್ಚಿ.

ನಮ್ಮ ಕಡೆ ಇನ್ನೊಂದು ತೊಂದರೆ ಜಾಸ್ತಿ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಹೋಗಿಬಂದರೆ ಬಾನೆಟ್ ತುಂಬ ಕೆಂಪು ಧೂಳು, ಅಲ್ವಾ? ಅದರ ಮೇಲೇ ಪೇಸ್ಟ್ ಹಾಕಿ ಉಜ್ಜಿದರೆ ಸ್ಯಾಂಡ್‌ಪೇಪರ್ ಎಳೆದ ಹಾಗೆ. ನಾನೂ ಒಮ್ಮೆ ಒಣ ಬಟ್ಟೆಯಲ್ಲೇ ಒರೆಸಿದ್ದೆ. ಬಿಸಿಲಿಗೆ ವಾರೆಯಾಗಿ ನೋಡಿದರೆ ಜೇಡರ ಬಲೆಯಂಥ ಗೆರೆಗಳು ಈಗಲೂ ಕಾಣುತ್ತವೆ. ಮೊದಲು ಧಾರಾಳವಾಗಿ ನೀರು ಬಿಟ್ಟು ಧೂಳು ಇಳಿಸಿ, ನೆರಳಲ್ಲಿ ನಿಲ್ಲಿಸಿ, ಆಮೇಲೆ ಮೆತ್ತನೆ ಬಟ್ಟೆ ಮುಟ್ಟಿಸಿ.