ಕಲ್ಲಿಕೋಟೆಯ ಲಿನಕ್ಸ್, ಬೆಂಗಳೂರಿನ ಲಿನಕ್ಸ್

ವಿಂಡೋಸ್ ಥರ ಕಂಪ್ಯೂಟರನ್ನು ನಡೆಸುವ, ಆದರೆ ದುಡ್ಡು ಕೊಡಬೇಕಿಲ್ಲದ ವ್ಯವಸ್ಥೆ ಲಿನಕ್ಸ್. ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳಲು ಭಾರೀ ಜಾಣತನವೇನೂ ಬೇಡ. ಅದು ಗೊತ್ತಿರುವ ನಾಲ್ಕು ಜನ ಅಕ್ಕಪಕ್ಕದಲ್ಲಿ ಇದ್ದರೆ ಸಾಕು. ಕೆಲಸದ ಮೇಲೆ ಕೇರಳದ ಕಲ್ಲಿಕೋಟೆಗೆ ಬಂದು ನೆಲೆಸಿದ ಮೇಲೆ ನನಗೆ ಹೀಗನ್ನಿಸಿದೆ. ಇಲ್ಲಿ ಅಂಥವರು ಸಿಗುತ್ತಾರೆ. ನಮ್ಮ ಕಡೆ ಸಿಗುವುದು ಕಷ್ಟ. ಬೆಂಗಳೂರಿನ ಕಂಪನಿಗಳಲ್ಲಿ ದಿನವಿಡೀ ಲಿನಕ್ಸ್ ಸರ್ವರ್‌ಗಳ ಜೊತೆ ಗುದ್ದಾಡುವವರು ಲೆಕ್ಕವಿಲ್ಲದಷ್ಟಿದ್ದಾರೆ, ನಿಜ. ಆದರೆ ಅದು ಅವರ ಆಫೀಸಿನ ಲಿನಕ್ಸ್, ಮನೆಯದಲ್ಲ.

ಇಲ್ಲಿ ಹೀಗಾಗಲು ಕಾರಣ ಸರ್ಕಾರಿ ಶಾಲೆ. ಈ ಶತಮಾನದ ಶುರುವಿನಲ್ಲಿ ಕೇರಳ 'ಐಟಿ ಅಟ್ ಸ್ಕೂಲ್' ಅಂತ ಯೋಜನೆ ತಂದಿತು. ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಲಿನಕ್ಸ್‌ಗೆ ತಿರುಗಿಸಿತು. 2017ರಲ್ಲಿ ಅದೇ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. ಉಬುಂಟು ಎಂಬ ಜನಪ್ರಿಯ ಲಿನಕ್ಸ್ ಮೇಲೆ ಕಟ್ಟಿದ ತಮ್ಮದೇ ಆವೃತ್ತಿಯನ್ನು ಅವರೇ ತಯಾರಿಸಿ ಶಾಲೆಗಳಿಗೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯೂ ಅದರಲ್ಲೇ. ಮಾರ್ಕ್ಸ್ ಇದೆ ಅಂದಮೇಲೆ ಮಕ್ಕಳು ಕಲಿಯಲೇಬೇಕು, ಅಲ್ವಾ?

ಓಣಂ ಕಾರ್ಯಕ್ರಮಕ್ಕೆ ನಮ್ಮ ಬೀದಿಯವರಿಗೆ ಒಂದು ಪೋಸ್ಟರ್ ಬೇಕಿತ್ತು. ಹೈಸ್ಕೂಲು ಓದುವ ಪಕ್ಕದ ಮನೆಯ ಹುಡುಗಿ ಬಂದು ನನ್ನ ಹಳೇ ಲ್ಯಾಪ್‌ಟಾಪ್ ಮುಂದೆ ಕೂತಳು. ಇದೇನು ವಿಂಡೋಸ್ ಅಲ್ಲವಲ್ಲ ಅಂತ ಕೇಳಲೇ ಇಲ್ಲ. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ತೆರೆದಳು, ಹಾಳೆಯ ಅಳತೆ ನೋಡಿದಳು, ಒಂದು ಕಮಾನು ಗೆರೆ ಎಳೆದು ಮಲಯಾಳದ ಅಕ್ಷರಗಳನ್ನು ಅದರ ಮೇಲೆ ಕೂರಿಸಿದಳು. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಬಗ್ಗಿಸುವುದು ಹೇಗೆಂದು ನನಗೆ ಗೊತ್ತಾಗಿದ್ದೇ ಅವತ್ತು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯವು. ಐಟಿ ಪಠ್ಯಪುಸ್ತಕವನ್ನು ಕೇರಳ ಸರ್ಕಾರ ಅವರಿಗೆ ಕನ್ನಡದಲ್ಲೇ ಕೊಡುತ್ತದೆ. ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್, ಫೋಟೊ ತಿದ್ದಲು ಜಿಂಪ್ ಅಂತೆಲ್ಲ ಕನ್ನಡದಲ್ಲಿ ಓದಿ ಕಲಿಯುವ ಮಕ್ಕಳು ನಮ್ಮ ಗಡಿಯ ಆಚೆ ಇದ್ದಾರೆ!

ಸಾಗರದಲ್ಲಿರುವ ನನ್ನ ಭಾವನ ಮಾತು ಬೇರೆ: "ಅದೆಲ್ಲ ಎಂಜಿನಿಯರುಗಳಿಗೆ ಮಾರಾಯ, ನಮಗೆ ನುಡಿ ಓಡಿದರೆ ಸಾಕು." ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಅದನ್ನು ನಾನು ಹಗುರ ಮಾಡುವುದಿಲ್ಲ. ಕನ್ನಡ ಗಣಕ ಪರಿಷತ್ತಿನವರು ಅದನ್ನು ತರದಿದ್ದರೆ ಎಷ್ಟೋ ಕಚೇರಿಗಳಿಗೆ ಕನ್ನಡ ಟೈಪಿಂಗೇ ಬರುತ್ತಿರಲಿಲ್ಲ. ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಂದಮೇಲೂ ಹಳೇ ನುಡಿ ಫಾಂಟುಗಳಲ್ಲೇ ಬರೆಯುತ್ತಾ ಕೂತೆವಲ್ಲ, ಅದು ನನಗೆ ಬೇಜಾರು. ಭಾವ ಕಳಿಸುವ ಕಡತವನ್ನು ನಾನು ತೆರೆದರೆ 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರಾಚೆ ಪೌಂಡ್ ಚಿಹ್ನೆ, ಕೊನೆಗೊಂದು ಕ್ಯೂ. ತಪ್ಪು ಲಿನಕ್ಸ್‌ನದಲ್ಲ. ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಹೀಗೇ ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಕಣ್ಣಿಗೆ ಕನ್ನಡ ಕಂಡೀತು, ಯೂನಿಕೋಡ್‌ನಲ್ಲಿ ಪದ ಟೈಪಿಸಿ ಹುಡುಕಿದರೆ ಸಿಗದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ದುಡ್ಡೂ ಕೊಡಬೇಕಿಲ್ಲ. ಬಳಸುವವರು ಎಲ್ಲಿ?

ಇನ್ನು ಟೈಪಿಂಗ್. ನುಡಿಯ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಕೆಜಿಪಿ ಅನ್ನುವ ಹೆಸರಲ್ಲಿ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ಇರುವ ಐಬಸ್‌ಗೆ, ಕೀಲಿಮಣೆಗಳ ಸಂಗ್ರಹವಾದ ಎಂ17ಎನ್ ಸೇರಿಸಿ, ಕನ್ನಡದ ಕೆಳಗೆ ಅದನ್ನು ಆರಿಸಿದರೆ ಮುಗಿಯಿತು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ಎಫ್. ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ.

ಹಾಗಂತ ಕೇರಳವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಶಾಲೆ ಮುಗಿಸಿದ ಹುಡುಗರು ಹೊಸ ಲ್ಯಾಪ್‌ಟಾಪ್ ಕೊಂಡರೆ ಅದರೊಳಗೆ ವಿಂಡೋಸ್ ಇರುತ್ತದೆ, ಹಾಗೇ ಬಿಡುತ್ತಾರೆ. ಡಿಟಿಪಿ ಅಂಗಡಿಗಳಲ್ಲಿ ಇಲ್ಲೂ ಹಳೇ ಫಾಂಟುಗಳದ್ದೇ ಗೋಳು. ಆದರೆ ಲಿನಕ್ಸ್ ಅಂದರೆ ಇವರು ಹೆದರುವುದಿಲ್ಲ. ನನಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಈಗಂತೂ ನಮ್ಮವರಿಗೂ ಇದು ಸುಮ್ನೆ ಮಾತಿಗೆ ಆಡುವ ವಿಷಯವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ. ವಿಂಡೋಸ್ 11 ಕೇಳುವ ಪ್ರೊಸೆಸರ್, ಭದ್ರತೆಗೆ ಬೇಕಾದ ಟಿಪಿಎಂ 2.0 ಚಿಪ್ ಹಳೇ ಯಂತ್ರಗಳಲ್ಲಿ ಇರುವುದಿಲ್ಲ. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಬದಲು ಹಳೇ ಹಾರ್ಡ್‌ಡಿಸ್ಕ್‌ಗಿಂತ ವೇಗದ ಒಂದು ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ನೋಡಿ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಪ್ರಿಂಟರ್ ಎರಡನ್ನೂ ಪರೀಕ್ಷಿಸಿ. ಪ್ರಿಂಟರ್ ಕೈಕೊಡುವುದು ಜಾಸ್ತಿ. ಬ್ಯಾಂಕು, ಪತ್ರ, ಸಿನಿಮಾ, ಮಕ್ಕಳ ಓದು ಎಲ್ಲಕ್ಕೂ ಮಿಂಟ್ ಧಾರಾಳ.

ಇಡೀ ದಿನ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ತೆರಿಗೆ ಅರ್ಜಿ ಹಾಕುವವರಿಗೆ ನಾನು ಈ ಮಾತು ಹೇಳುವುದಿಲ್ಲ. ಅವರು ವಿಂಡೋಸ್‌ನಲ್ಲೇ ಇರಲಿ. ಭಾವನದು ಅಂಥ ಕೆಲಸವಲ್ಲ. ಅವನ ಲ್ಯಾಪ್‌ಟಾಪ್ ಮೇಲೆ ನನಗಿನ್ನೂ ಕಣ್ಣಿದೆ.